ಮಗಳ ಬ್ಯಾಟಿಗೆ ಪಿಂಪಲ್ಸ್ ಹಾಕಿಸಬೇಕಾ? ಡಬಲ್ಸ್ ಆಡಿಸಬೇಕಾ?

ಓದುಗರ ಪ್ರಶ್ನೆ:

"ಮೇಡಂ, ನಮಸ್ಕಾರ. ನಾವು ದಾವಣಗೆರೆಯವರು. ನನ್ನ ಮಗಳಿಗೆ 13 ವರ್ಷ. ನಾಲ್ಕು ವರ್ಷದಿಂದ ಟೇಬಲ್ ಟೆನಿಸ್ ಆಡುತ್ತಿದ್ದಾಳೆ. ಟೂರ್ನಿಗಳಲ್ಲಿ ಸಿಂಗಲ್ಸ್ ಎರಡನೇ ಸುತ್ತು, ಮೂರನೇ ಸುತ್ತಿನ ತನಕ ಹೋಗುತ್ತಾಳೆ. ಈಗ ಅವಳ ಕೋಚ್ ಎರಡು ಮಾತು ಹೇಳಿದ್ದಾರೆ. ಒಂದು, 15 ವರ್ಷದ ಇನ್ನೊಬ್ಬ ಹುಡುಗಿಯ ಜೊತೆ ಡಬಲ್ಸ್ ಶುರು ಮಾಡಬೇಕು. ಎರಡು, ಬ್ಯಾಕ್‌ಹ್ಯಾಂಡ್ ಕಡೆಗೆ ಲಾಂಗ್ ಪಿಂಪಲ್ಸ್ ರಬ್ಬರ್, ಅಂದ್ರೆ ಮೇಲೆ ಉದ್ದನೆಯ ಮೊಳೆಗಳಿರುವ ರಬ್ಬರ್ ಹಾಕಿಸಬೇಕು. ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಹುಡುಗಿಯರು ಚೀನಾದವರನ್ನು ಸೋಲಿಸಿದ್ದು ಹೀಗೇ ಅಂತಾರೆ. ನಮ್ಮ ಭಾವನವರು ಕಾಲೇಜಿನಲ್ಲಿ ಟಿಟಿ ಆಡಿದವರು. ಡಬಲ್ಸ್ ಅಂದ್ರೆ ಸಿಂಗಲ್ಸ್ ಆಗದವರ ಆಟ, ಒಲಿಂಪಿಕ್ಸ್‌ನಲ್ಲೂ ಇಲ್ಲ, ಪಿಂಪಲ್ಸ್ ಅಂದ್ರೆ ಮೋಸದ ರಬ್ಬರ್ ಅಂತ ಅವರ ವಾದ. ಇದರ ಮಧ್ಯೆ ಆ ದೊಡ್ಡ ಹುಡುಗಿ ಪ್ರತಿ ತಪ್ಪಿಗೂ ಗದರುತ್ತಾಳೆ, ಮಗಳು ಮನೆಗೆ ಬಂದು ಅಳುತ್ತಾಳೆ. ಇಬ್ಬರೂ ಬಲಗೈ ಆಟಗಾರ್ತಿಯರು. ಎಡಗೈ ಜೊತೆ ಇಲ್ಲದಿದ್ದರೆ ಡಬಲ್ಸ್ ದಂಡ ಅಂತಲೂ ಕೇಳಿದೆ. ನಾವು ಏನು ಮಾಡಲಿ?"

ಉತ್ತರ:

ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ರಬ್ಬರ್, ಡಬಲ್ಸ್, ಜೊತೆಗಾತಿಯ ಬಾಯಿ, ಇವು ಮೂರೂ ಒಟ್ಟಿಗೆ ಬಂದಿರುವುದರಿಂದ ನಿಮಗೆ ತಲೆ ಕೆಟ್ಟಿದೆ. ಆದರೆ ಇವು ಬೇರೆ ಬೇರೆ ಪ್ರಶ್ನೆಗಳು. ಡಬಲ್ಸ್‌ಗೆ ಹೌದು ಅಂದು ರಬ್ಬರಿಗೆ ಈಗ ಬೇಡ ಅನ್ನಬಹುದು. ನನ್ನ ಅಭಿಪ್ರಾಯ ಹೆಚ್ಚೂ ಕಡಿಮೆ ಅದೇ. ಕಾರಣ ಹೇಳುತ್ತೇನೆ.

ಮೊದಲು ನಿಮ್ಮ ಭಾವನವರ ಮಾತು. ಒಲಿಂಪಿಕ್ಸ್ ವಿಷಯದಲ್ಲಿ ಅವರು ಹೇಳಿದ್ದು ಒಂದು ಕಾಲಕ್ಕೆ ಸರಿ. ಮಹಿಳೆಯರ ಡಬಲ್ಸ್ 1988ರ ಸೋಲ್‌ನಿಂದ 2004ರ ಅಥೆನ್ಸ್ ತನಕ ಒಲಿಂಪಿಕ್ಸ್‌ನಲ್ಲಿತ್ತು. 2008ರಲ್ಲಿ ಅದನ್ನು ತೆಗೆದು ತಂಡ ಸ್ಪರ್ಧೆ ತಂದರು. ಈಗ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಪುರುಷರ ಡಬಲ್ಸ್, ಮಹಿಳೆಯರ ಡಬಲ್ಸ್ ಎರಡೂ ವಾಪಸ್ ಬರುತ್ತಿವೆ. ಇನ್ನು ಡಬಲ್ಸ್ ಇಲ್ಲದ ವರ್ಷಗಳಲ್ಲೂ ತಂಡ ಸ್ಪರ್ಧೆಯ ಒಳಗೆ ಒಂದು ಡಬಲ್ಸ್ ಪಂದ್ಯ ಇದ್ದೇ ಇತ್ತು. 2024ರ ಪ್ಯಾರಿಸ್ ನೆನಪು ಮಾಡಿಕೊಳ್ಳಿ. ರೊಮೇನಿಯಾ ವಿರುದ್ಧ ಮೊದಲ ಪಂದ್ಯವೇ ಡಬಲ್ಸ್. ಅದನ್ನು ಶ್ರೀಜಾ ಅಕುಲಾ ಮತ್ತು ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಗೆದ್ದುಕೊಟ್ಟರು. ಆ ಮುಖಾಮುಖಿ ಕೊನೆಗೆ 3-2ರಲ್ಲಿ ಮುಗಿಯಿತು, ಭಾರತ ಕ್ವಾರ್ಟರ್‌ಫೈನಲ್‌ಗೆ ಹೋಯಿತು. ಆ ಡಬಲ್ಸ್ ಸೋತಿದ್ದರೆ ಏನಾಗುತ್ತಿತ್ತು ಅಂತ ನೀವೇ ಲೆಕ್ಕ ಹಾಕಿ.

ಡಬಲ್ಸ್ ಸಿಂಗಲ್ಸ್ ಆಗದವರ ಆಟ ಅನ್ನುವುದಂತೂ ಪೂರ್ತಿ ತಪ್ಪು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಸಿಂಗಲ್ಸ್ ಚಿನ್ನ ಗೆದ್ದ ಮಣಿಕಾ ಬಾತ್ರಾ ಅದೇ ಕೂಟದಲ್ಲಿ ಮೌಮಾ ದಾಸ್ ಜೊತೆ ಡಬಲ್ಸ್ ಬೆಳ್ಳಿಯನ್ನೂ ಗೆದ್ದರು. ಒಳ್ಳೆಯ ಆಟಗಾರ್ತಿಯರು ಎರಡನ್ನೂ ಆಡುತ್ತಾರೆ. ಆದರೆ ಸಿಂಗಲ್ಸ್‌ನಲ್ಲಿ ಗಟ್ಟಿಯಾಗಿರುವ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದರೆ ಡಬಲ್ಸ್ ಜೋಡಿ ಆಗಿಬಿಡುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಒಂದು ನಿಯಮವನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ಎಷ್ಟೋ ತಂದೆತಾಯಿಯರು ವರ್ಷಗಟ್ಟಲೆ ಗ್ಯಾಲರಿಯಲ್ಲಿ ಕೂತರೂ ಇದನ್ನು ಗಮನಿಸಿರುವುದಿಲ್ಲ.

ಡಬಲ್ಸ್‌ನಲ್ಲಿ ಇಬ್ಬರೂ ಸರದಿ ಪ್ರಕಾರ ಹೊಡೆಯಬೇಕು. ಅದು ಎಲ್ಲರಿಗೂ ಗೊತ್ತು. ಅದರಿಂದ ಏನಾಗುತ್ತದೆ ನೋಡಿ. ಎದುರು ಜೋಡಿಯಲ್ಲಿ ಒಬ್ಬಳು ಕನ್ನಡಕದ ಹುಡುಗಿ, ಇನ್ನೊಬ್ಬಳು ಎರಡು ಜಡೆಯ ಹುಡುಗಿ ಅಂತ ಇಟ್ಟುಕೊಳ್ಳಿ. ಮೊದಲ ಗೇಮಿನಲ್ಲಿ ನಿಮ್ಮ ಮಗಳಿಗೆ ಚೆಂಡು ಬರುವುದು ಕನ್ನಡಕದ ಹುಡುಗಿಯಿಂದ. ಮಗಳು ಹೊಡೆದದ್ದನ್ನು ಎತ್ತುವವಳು ಜಡೆಯ ಹುಡುಗಿ. ಅವಳ ಚೆಂಡು ನಿಮ್ಮ ಮಗಳ ಜೊತೆಗಾತಿಗೆ. ಜೊತೆಗಾತಿಯ ಚೆಂಡು ಮತ್ತೆ ಕನ್ನಡಕದ ಹುಡುಗಿಗೆ. ಇಡೀ ಗೇಮ್ ಇದೇ ಸುತ್ತು. ಮಗಳು ಜಡೆಯ ಹುಡುಗಿಯ ಒಂದು ಹೊಡೆತವನ್ನೂ ಎದುರಿಸುವುದಿಲ್ಲ. ಎರಡನೇ ಗೇಮಿನಲ್ಲಿ ಸುತ್ತು ತಿರುಗುಮುರುಗಾಗುತ್ತದೆ. ಈಗ ಜಡೆಯವಳ ಚೆಂಡು ಮಗಳಿಗೆ. ಮೂರನೇ ಗೇಮಿಗೆ ಮತ್ತೆ ಮೊದಲಿನ ಸುತ್ತು. ನಿರ್ಣಾಯಕ ಕೊನೆಯ ಗೇಮಿನಲ್ಲಿ ಮಾತ್ರ ಒಂದು ಜೋಡಿ 5 ಅಂಕ ಮುಟ್ಟಿದಾಗ ನಡುವೆಯೇ ಸುತ್ತು ಬದಲಾಗುತ್ತದೆ.

ಹೀಗಾಗಿ ಒಂದು ಸುತ್ತು ನಮಗೆ ಅನುಕೂಲ, ಇನ್ನೊಂದು ಕಷ್ಟ, ಇದು ಡಬಲ್ಸ್‌ನಲ್ಲಿ ಮಾಮೂಲು. ಇನ್ನೂ ಮುಖ್ಯವಾದದ್ದು, ನಿಮ್ಮ ಮಗಳ ಹೊಡೆತಕ್ಕೆ ಬರುವ ಉತ್ತರವನ್ನು ಎದುರಿಸಬೇಕಾದವಳು ಅವಳಲ್ಲ, ಅವಳ ಜೊತೆಗಾತಿ. ಸಿಂಗಲ್ಸ್‌ನಲ್ಲಿ ನನ್ನ ಸಾಲ ನಾನೇ ತೀರಿಸುತ್ತೇನೆ. ಇಲ್ಲಿ ನಾನು ಮಾಡಿದ ಸಾಲವನ್ನು ಪಕ್ಕದವಳು ತೀರಿಸುತ್ತಾಳೆ.

ಈಗ ನಿಮ್ಮ ಕೋಚ್ ಹೇಳಿದ ಏಷ್ಯನ್ ಗೇಮ್ಸ್‌ಗೆ, ಚೀನಾದ ಹಾಂಗ್‌ಝೌಗೆ ಬರೋಣ. 2022ರ ಏಷ್ಯನ್ ಗೇಮ್ಸ್ ಒಂದು ವರ್ಷ ತಡವಾಗಿ 2023ರಲ್ಲಿ ನಡೆಯಿತು. ಸೆಪ್ಟೆಂಬರ್ 30ರಂದು ಮಹಿಳೆಯರ ಡಬಲ್ಸ್ ಕ್ವಾರ್ಟರ್‌ಫೈನಲ್. ಒಂದು ಕಡೆ ಸುತೀರ್ಥಾ ಮುಖರ್ಜಿ, ಐಹಿಕಾ ಮುಖರ್ಜಿ. ಅಡ್ಡಹೆಸರು ಒಂದೇ, ಆದರೆ ಅಕ್ಕತಂಗಿಯರಲ್ಲ. ಇಬ್ಬರೂ ಪಶ್ಚಿಮ ಬಂಗಾಳದ ನೈಹಾಟಿ ಊರಿನವರು, ಚಿಕ್ಕಂದಿನಿಂದ ಜೊತೆಗೇ ಕಲಿತವರು. ಇನ್ನೊಂದು ಕಡೆ ಚೆನ್ ಮೆಂಗ್, ವಾಂಗ್ ಯಿದಿ. ಅದೇ ವರ್ಷ ಡರ್ಬನ್‌ನಲ್ಲಿ ವಿಶ್ವ ಡಬಲ್ಸ್ ಚಾಂಪಿಯನ್ ಆದವರು. ಚೆನ್ ಮೆಂಗ್ ಟೋಕಿಯೊ ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನದ ಒಡತಿ. ಆಟ ಅವರದೇ ನೆಲದಲ್ಲಿ, ಅವರದೇ ಜನರ ಮುಂದೆ. ನಮ್ಮವರು 3-1ರಲ್ಲಿ ಗೆದ್ದರು. ಅವತ್ತು ನಾನು ನನ್ನ ಅಕಾಡೆಮಿಯ ಮಕ್ಕಳ ಜೊತೆ ಫೋನಿನಲ್ಲಿ ನೋಡುತ್ತಿದ್ದೆ. ಕೊನೆಯ ಪಾಯಿಂಟಿಗೆ ನನಗೆ ಕಣ್ಣೀರು ಬಂತು.

ಆ ಅಂಕಗಳನ್ನು ಸುತ್ತಿನ ಲೆಕ್ಕದಲ್ಲಿ ನೋಡಿ: 11-5, 11-5, 5-11, 11-9. ಮೊದಲ ಮತ್ತು ಮೂರನೇ ಗೇಮ್ ಒಂದೇ ಸುತ್ತು. ಮೊದಲಿಗೆ 11-5, ಅದೇ ಸುತ್ತು ಎರಡನೇ ಸಲ ಬಂದಾಗ 5-11. ನನ್ನ ಓದು ಹೀಗೆ: ಬರುವ ಚೆಂಡು ಎಂಥದ್ದು ಅಂತ ಚೀನಾದವರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಇನ್ನೊಂದು ಸುತ್ತು ಗೊತ್ತಾಗುವ ಮೊದಲೇ ನಮ್ಮವರು ನಾಲ್ಕನೇ ಗೇಮನ್ನು ಎರಡೇ ಅಂಕದ ಅಂತರದಲ್ಲಿ ಮುಗಿಸಿದರು.

ಅಕ್ಟೋಬರ್ 2ರ ಸೆಮಿಫೈನಲ್‌ನಲ್ಲಿ ಇದು ಇನ್ನೂ ಸ್ಪಷ್ಟ. ಎದುರಾಳಿ ಉತ್ತರ ಕೊರಿಯಾದ ಚಾ ಸು-ಯೊಂಗ್, ಪಾಕ್ ಸು-ಗ್ಯೊಂಗ್. ಏಳು ಗೇಮಿನ ಪಂದ್ಯ. ನಮ್ಮ ಕಡೆಯಿಂದ ಅಂಕ 11-7, 8-11, 11-7, 8-11, 9-11, 11-5, 2-11. ಒಂದು, ಮೂರು ನಮ್ಮದು, ಎರಡೂ 11-7. ಎರಡು, ನಾಲ್ಕು ಅವರದು, ಎರಡೂ 8-11. ಗೆರೆ ಎಳೆದ ಹಾಗೆ ಇದೆ ಅಲ್ವಾ? ನಮಗೆ ಅನುಕೂಲವಾಗಿದ್ದ ಸುತ್ತಿನ ಐದನೇ ಗೇಮನ್ನು 9-11ರಲ್ಲಿ ಬಿಟ್ಟುಕೊಟ್ಟದ್ದು ದುಬಾರಿಯಾಯಿತು. ಆರನೆಯದನ್ನು ಕಷ್ಟದ ಸುತ್ತಿನಲ್ಲೇ ಗೆದ್ದು ವಾಪಸ್ ಬಂದರು, ಏಳನೆಯದು ಕೈಜಾರಿತು. ಅಲ್ಲಿ ಸೆಮಿಫೈನಲ್ ಸೋತ ಎರಡೂ ಜೋಡಿಗೆ ಕಂಚು ಸಿಗುತ್ತದೆ. ಏಷ್ಯನ್ ಗೇಮ್ಸ್ ಮಹಿಳೆಯರ ಡಬಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ.

ಹಾಗಾದರೆ ರಬ್ಬರಿನ ಪಾತ್ರ ಏನೂ ಇಲ್ಲವಾ? ಇದೆ. ಇಬ್ಬರ ಬ್ಯಾಟಿನ ಬ್ಯಾಕ್‌ಹ್ಯಾಂಡ್ ಕಡೆಗೂ ಇರುವುದು ಎಲ್ಲರೂ ಹಾಕುವ ನುಣುಪು ರಬ್ಬರ್ ಅಲ್ಲ. ಅಂಥ ಇಬ್ಬರು ಒಂದೇ ಜೋಡಿಯಲ್ಲಿ ಇರುವುದು ಅಪರೂಪ. ಎದುರಾಳಿಗೆ ಯಾವ ಸುತ್ತಿನಲ್ಲೂ ಮಾಮೂಲು ಚೆಂಡಿನ ಲಯ ಸಿಗುವುದಿಲ್ಲ. ನಿಮ್ಮ ಕೋಚ್ ಹೇಳುವುದರಲ್ಲಿ ಇಷ್ಟು ಸತ್ಯ ಇದೆ.

ಮೋಸದ ರಬ್ಬರ್ ಅನ್ನುವುದರಲ್ಲಿ ಮಾತ್ರ ಸತ್ಯವಿಲ್ಲ. ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಶನ್ ಒಪ್ಪಿದ ರಬ್ಬರುಗಳ ಪಟ್ಟಿ ಇದೆ. ಅದರಲ್ಲಿ ಇದ್ದರೆ ಅದು ನಿಯಮದ ಒಳಗೇ. ಬ್ಯಾಟಿನ ಒಂದು ಬದಿ ಕಪ್ಪು, ಇನ್ನೊಂದು ಬದಿ ಕಪ್ಪಿನಿಂದ ಬೇರೆಯಾಗಿ ಕಾಣುವ ಹೊಳಪಿನ ಬಣ್ಣ ಇರಬೇಕು ಅನ್ನುವುದು ಇದಕ್ಕೇ. ಯಾವ ಬದಿಯಿಂದ ಹೊಡೆದರು ಅಂತ ಎದುರಾಳಿಗೆ ಕಾಣಬೇಕು. ಪಂದ್ಯಕ್ಕೆ ಮುಂಚೆ ಎದುರಾಳಿಯ ಬ್ಯಾಟನ್ನು ಕೈಗೆ ತೆಗೆದುಕೊಂಡು ನೋಡುವ ಹಕ್ಕೂ ಇದೆ. ನಮ್ಮ ಮಕ್ಕಳು ಸಂಕೋಚಕ್ಕೆ ನೋಡದೇ ಕೊಟ್ಟುಬಿಡುತ್ತಾರೆ. ನಿಮ್ಮ ಮಗಳಿಗೆ ಇವತ್ತೇ ಹೇಳಿ, ನೋಡಲಿ. ಸ್ವಲ್ಪವೂ ಹಿಡಿತವಿಲ್ಲದ ಪಿಂಪಲ್ಸನ್ನು 2008ರಲ್ಲೇ ನಿಷೇಧಿಸಿದ್ದಾರೆ. ನಿಮ್ಮ ಭಾವನವರು ಆಡಿದ ಕಾಲದಲ್ಲಿ ಅಂಥವು ಇದ್ದವು, ಬಹುಶಃ ಆ ನೆನಪಿನಿಂದ ಹೇಳುತ್ತಿರಬಹುದು.

ಲಾಂಗ್ ಪಿಂಪಲ್ಸ್ ಕೆಲಸ ಮಾಡುವ ರೀತಿ ಸರಳ. ನುಣುಪು ರಬ್ಬರ್ ಚೆಂಡನ್ನು ಹಿಡಿದು ತನ್ನ ಸ್ಪಿನ್ ಕೊಡುತ್ತದೆ. ಲಾಂಗ್ ಪಿಂಪಲ್ಸ್‌ನ ಉದ್ದನೆಯ ಮೊಳೆಗಳು ಬಾಗುತ್ತವೆ, ಚೆಂಡು ಜಾರುತ್ತದೆ. ಬಂದ ಸ್ಪಿನ್ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಚೆಂಡು ಹೋಗುವ ದಿಕ್ಕು ಮಾತ್ರ ಬದಲಾಗಿರುತ್ತದೆ. ಅದಕ್ಕೇ ಎದುರಾಳಿ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ತಿರುಗುವುದು) ಹೊಡೆದರೆ ಅವಳಿಗೆ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವುದು) ವಾಪಸ್ ಬರುತ್ತದೆ. ಪುಶ್ ಮಾಡಿದರೆ, ಅಂದರೆ ಬ್ಯಾಕ್‌ಸ್ಪಿನ್ ಕೊಟ್ಟು ಮೆಲ್ಲಗೆ ತಳ್ಳಿದರೆ, ಸ್ಪಿನ್ ಇಲ್ಲದ ಡೆಡ್ ಬಾಲ್, ಇಲ್ಲವೇ ಸಣ್ಣ ಟಾಪ್‌ಸ್ಪಿನ್. ಗೊತ್ತಿಲ್ಲದವರು ನೆಟ್ಟಿಗೆ ಹೊಡೆಯುತ್ತಾರೆ, ಇಲ್ಲ ಮೇಲೆತ್ತಿಬಿಡುತ್ತಾರೆ. ಗೊತ್ತಿರುವವರು ಏನು ಮಾಡುತ್ತಾರೆ? ಸ್ಪಿನ್ ಇಲ್ಲದ ಚೆಂಡನ್ನು ನಿಧಾನವಾಗಿ ಪಿಂಪಲ್ಸ್‌ಗೇ ಕಳಿಸುತ್ತಾರೆ. ಬಂದ ಸ್ಪಿನ್ನೇ ಇಲ್ಲದಿದ್ದರೆ ಪಿಂಪಲ್ಸ್ ಹತ್ತಿರ ವಾಪಸ್ ಕೊಡಲು ಏನೂ ಇರುವುದಿಲ್ಲ. ಆ ಸಪ್ಪೆ ಚೆಂಡನ್ನು ಅವರು ಜೋರಾಗಿ ಹೊಡೆಯುತ್ತಾರೆ. ಡಬಲ್ಸ್‌ನಲ್ಲಿ ಆ ಹೊಡೆತ ಬೀಳುವುದು ಯಾರ ಮೇಲೆ? ಜೊತೆಗಾತಿಯ ಮೇಲೆ.

ಮುಖರ್ಜಿ ಜೋಡಿ ಗೆದ್ದದ್ದು ಇಲ್ಲಿಯೇ. ಪಕ್ಕದವಳ ರಬ್ಬರಿಗೆ ಯಾವ ಉತ್ತರ ಬರುತ್ತದೆ, ಆಗ ತಾನು ಎಲ್ಲಿ ನಿಂತಿರಬೇಕು ಅನ್ನುವುದು ಅವರಿಗೆ ಮೈಗೆ ಹತ್ತಿದೆ. ಎದುರಾಳಿ ತಬ್ಬಿಬ್ಬಾಗಿ ಎತ್ತಿದ ಚೆಂಡನ್ನು ಇನ್ನೊಬ್ಬಳು ಫೋರ್‌ಹ್ಯಾಂಡ್‌ನಿಂದ ಮುಗಿಸುತ್ತಾಳೆ. ಆ ಅರಿವು ವರ್ಷಗಳ ಜೊತೆಯಾಟದಿಂದ ಬಂದದ್ದು. 2024ರ ಫೆಬ್ರವರಿಯಲ್ಲಿ ಬೂಸಾನ್‌ನಲ್ಲಿ ಐಹಿಕಾ ಒಬ್ಬರೇ ಆಡಿ ಆಗಿನ ವಿಶ್ವದ ನಂಬರ್ 1 ಸುನ್ ಯಿಂಗ್‌ಶಾ ಅವರನ್ನು ಸೋಲಿಸಿದರು. ಅಂದರೆ ರಬ್ಬರಿನ ಹಿಂದೆ ಪೂರ್ತಿ ಆಟಗಾರ್ತಿ ಇದ್ದಾರೆ.

ಇನ್ನು ನನ್ನದೇ ಒಂದು ಅನುಭವ ಹೇಳಬೇಕು. ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ 12 ವರ್ಷದ ಒಬ್ಬ ಹುಡುಗಿಗೆ ನಾನು ಲಾಂಗ್ ಪಿಂಪಲ್ಸ್ ಹಾಕಿಸಿದೆ. ಅವಳ ಬ್ಯಾಕ್‌ಹ್ಯಾಂಡ್ ಸ್ವಲ್ಪ ಕಮ್ಮಿ ಇತ್ತು, ಅದನ್ನು ಮುಚ್ಚಲು ಇದು ಸುಲಭದ ದಾರಿ ಅನಿಸಿತು. ಒಂದು ವರ್ಷ ಎಲ್ಲರನ್ನೂ ಸೋಲಿಸಿದಳು. ಮನೆಯವರು ಖುಷಿ, ನಾನೂ ಖುಷಿ. ಎರಡನೇ ವರ್ಷ ಎದುರಾಳಿಗಳು ಕಲಿತರು. ಅಷ್ಟರಲ್ಲಿ ಇವಳು ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ಮರೆತೇಬಿಟ್ಟಿದ್ದಳು, ಕಾಲುಗಳು ಟೇಬಲ್ಲಿಗೆ ಅಂಟಿಕೊಂಡಿದ್ದವು. ವಾಪಸ್ ನುಣುಪು ರಬ್ಬರಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಆ ಮಗುವಿನ ಬೆಳೆಯುವ ವಯಸ್ಸಿನ ಅಷ್ಟು ಕಾಲ ಹೋದದ್ದು ನನ್ನ ಅವಸರದಿಂದ. ಅವತ್ತಿನಿಂದ ಪಿಂಪಲ್ಸ್ ಮಾತು ಬಂದಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಮಗುವಿಗೆ ಯಾಕೆ? ಬ್ಯಾಕ್‌ಹ್ಯಾಂಡ್ ಬರುವುದಿಲ್ಲ ಅನ್ನುವುದು ಉತ್ತರವಾದರೆ ಬೇಡ, ಕಲಿಸಿ. ಚುರುಕು ಕೈ, ಟೇಬಲ್ ಹತ್ತಿರ ನಿಲ್ಲುವ ಧೈರ್ಯ, ಸ್ಪಿನ್ ಓದುವ ಕಣ್ಣು ಇದೆ, ಲಯ ಕೆಡಿಸುವ ಆಟ ಅವಳಿಗೆ ಸಹಜವಾಗಿ ಬರುತ್ತದೆ ಅನ್ನುವುದಾದರೆ ಯೋಚಿಸಬಹುದು.

ನಿಮ್ಮ ಮುಂದೆ ಇರುವ ದಾರಿಗಳು ಇಷ್ಟು. ಒಂದು, ಇನ್ನೂ ಎರಡು ವರ್ಷ ನುಣುಪು ರಬ್ಬರಿನಲ್ಲೇ ಬಿಡುವುದು. ಇದರಲ್ಲಿ ಕಳೆದುಕೊಳ್ಳುವುದು ಸದ್ಯದ ಕೆಲವು ಪಂದ್ಯಗಳು. ಗಳಿಸುವುದು ಗಟ್ಟಿ ಬುನಾದಿ. ನಾನು ಇದನ್ನೇ ಹೇಳುತ್ತೇನೆ. ಎರಡು, ಎರಡನೇ ಬ್ಯಾಟಿಗೆ ಪಿಂಪಲ್ಸ್ ಹಾಕಿಸಿ ಎಂಟು ವಾರ ಅಭ್ಯಾಸದಲ್ಲಿ ಮಾತ್ರ ಆಡಿಸಿ ನೋಡುವುದು, ವಾರಕ್ಕೆ ಎರಡು ದಿನ, ಟೂರ್ನಿಗೆ ಒಯ್ಯದೆ. ಖರ್ಚು ಇದೆ, ಒಳ್ಳೆಯ ರಬ್ಬರಿಗೆ ಸಾವಿರಾರು ರೂಪಾಯಿ ಆಗುತ್ತದೆ, ಕೈಯೂ ಸ್ವಲ್ಪ ಗೊಂದಲವಾಗಬಹುದು. ಆದರೆ ಕೋಚ್ ಮಾತಿಗೂ ಬೆಲೆ ಕೊಟ್ಟ ಹಾಗಾಗುತ್ತದೆ, ಮಗಳಿಗೆ ಅದು ಒಗ್ಗುತ್ತದಾ ಅಂತಲೂ ಗೊತ್ತಾಗುತ್ತದೆ. ಮೂರು, ಶಾರ್ಟ್ ಪಿಂಪಲ್ಸ್, ಅಂದರೆ ಗಿಡ್ಡ ಮೊಳೆಗಳ ರಬ್ಬರ್. ಅದರಲ್ಲಿ ಹೊಡೆಯುವ ಆಟ ಉಳಿಯುತ್ತದೆ, ಸ್ಪಿನ್ ಕಮ್ಮಿಯಾಗುತ್ತದೆ, ಚೆಂಡು ಚಪ್ಪಟೆಯಾಗಿ ವೇಗವಾಗಿ ಹೋಗುತ್ತದೆ. ಅದಕ್ಕೆ ಟೈಮಿಂಗ್ ತುಂಬಾ ಚೆನ್ನಾಗಿರಬೇಕು. ನಾಲ್ಕು, ಕೋಚ್ ಹೇಳಿದ ಹಾಗೆ ನೇರವಾಗಿ ಬದಲಾಯಿಸುವುದು. ಅದೇ ತೀರ್ಮಾನ ಆದರೆ ಅವಳಿಗೆ ಬ್ಯಾಟ್ ತಿರುಗಿಸಿ ಎರಡೂ ಬದಿಯಿಂದ ಎರಡೂ ಕಡೆ ಆಡುವುದನ್ನು ಮೊದಲ ದಿನದಿಂದ ಕಲಿಸಬೇಕು. ಇಲ್ಲದಿದ್ದರೆ ನನ್ನ ಆ ಹುಡುಗಿಗೆ ಆದದ್ದೇ ಆಗುತ್ತದೆ. ಇನ್ನೊಂದು ಮಾತು, ಕೋಚ್ ಹತ್ತಿರ ಜಗಳಕ್ಕೆ ಹೋಗಬೇಡಿ. ಯಾಕೆ ಈ ಮಗುವಿಗೆ ಅಂತ ಕೇಳಿ, ಅವರ ಉತ್ತರ ಕೇಳಿಸಿಕೊಳ್ಳಿ. ಅವಳನ್ನು ದಿನಾ ನೋಡುವವರು ಅವರು.

ಎಡಗೈ ವಿಷಯ ಬೇಗ ಹೇಳಿಬಿಡುತ್ತೇನೆ. ಎಡಗೈ ಬಲಗೈ ಜೋಡಿಗೆ ಓಡಾಟ ಸುಲಭ ಅನ್ನುವುದು ನಿಜ. ಇಬ್ಬರೂ ಫೋರ್‌ಹ್ಯಾಂಡ್ ಹೊಡೆದು ತಮ್ಮ ತಮ್ಮ ಬ್ಯಾಕ್‌ಹ್ಯಾಂಡ್ ಕಡೆಗೆ ಹೊರಗೆ ಸರಿಯಬಹುದು, ಡಿಕ್ಕಿ ಕಮ್ಮಿ. ಹಾಂಗ್‌ಝೌನಲ್ಲಿ ಚಿನ್ನ ಗೆದ್ದ ದಕ್ಷಿಣ ಕೊರಿಯಾದ ಶಿನ್ ಯು-ಬಿನ್, ಜಿಯೊನ್ ಜಿ-ಹೀ ಅಂಥ ಜೋಡಿಯೇ, ಜಿಯೊನ್ ಎಡಗೈಯವರು. ಆದರೆ ಕಂಚು ಗೆದ್ದ ನಮ್ಮ ಇಬ್ಬರೂ ಬಲಗೈಯವರು. ಬಲಗೈ ಇಬ್ಬರಿದ್ದಾಗ ಹೊಡೆದವಳು ಹಿಂದೆ ಸರಿದು, ಜೊತೆಗಾತಿಯ ಬೆನ್ನ ಹಿಂದಿನಿಂದ ಸುತ್ತಿ ಬರುವುದನ್ನು ಕಲಿಯಬೇಕು. ದಿನಾ ಹದಿನೈದು ನಿಮಿಷ ಚೆಂಡಿಲ್ಲದೆ ಬರೀ ಓಡಾಟ ಮಾಡಿಸಲಿ. ಆಮೇಲೆ ಮಲ್ಟಿಬಾಲ್ (ಕೋಚ್ ಒಂದರ ಹಿಂದೆ ಒಂದು ಚೆಂಡು ಹಾಕುವ ಅಭ್ಯಾಸ), ಇಬ್ಬರೂ ಸರದಿಯಲ್ಲಿ. ಮೊದಲ ತಿಂಗಳು ಡಿಕ್ಕಿ ಹೊಡೆದುಕೊಳ್ಳುತ್ತಾರೆ. ಅದು ಸಹಜ.

ಸರ್ವಿಸ್ ಬಗ್ಗೆಯೂ ಒಂದು ಮಾತು. ಸಿಂಗಲ್ಸ್‌ನಲ್ಲಿ ಸರ್ವಿಸನ್ನು ಎಲ್ಲಿಗೆ ಬೇಕಾದರೂ ಹಾಕಬಹುದು. ಡಬಲ್ಸ್‌ನಲ್ಲಿ ನಮ್ಮ ಬಲ ಅರ್ಧದಿಂದ ಅವರ ಬಲ ಅರ್ಧಕ್ಕೆ ಮಾತ್ರ. ಚೆಂಡು ಎಲ್ಲಿ ಬೀಳುತ್ತದೆ ಅಂತ ಎದುರಾಳಿಗೆ ಅರ್ಧ ಗೊತ್ತಿರುತ್ತದೆ. ಅದಕ್ಕೇ ಉದ್ದ ಸರ್ವಿಸ್ ಹಾಕಿದರೆ ಹೊಡೆತ ತಿನ್ನುವುದು ಖಂಡಿತ. ಗಿಡ್ಡ, ತಗ್ಗು, ನಡುಗೆರೆಯ ಹತ್ತಿರ, ಇಷ್ಟು ಸಾಕು. ಸರ್ವಿಸ್ ಮಾಡುವ ಮೊದಲು ಟೇಬಲ್ಲಿನ ಕೆಳಗೆ ಬೆರಳಲ್ಲಿ ಸನ್ನೆ ಮಾಡುವುದನ್ನು ಟಿವಿಯಲ್ಲಿ ನೋಡಿರುತ್ತೀರಿ. ಯಾವ ಸ್ಪಿನ್ ಹಾಕುತ್ತೇನೆ ಅಂತ ಜೊತೆಗಾತಿಗೆ ತಿಳಿಸುವ ಸನ್ನೆ ಅದು. ಈ ಇಬ್ಬರು ಹುಡುಗಿಯರು ಅದನ್ನು ಮಾಡುತ್ತಾರಾ ಕೇಳಿ. ಮಾಡದಿದ್ದರೆ ಅರ್ಧ ಜಗಳ ಅಲ್ಲಿಂದಲೇ ಬರುತ್ತಿರುತ್ತದೆ.

ಕೊನೆಗೆ ನನಗೆ ಅತಿ ಮುಖ್ಯ ಅನಿಸಿದ್ದು ಅವಳ ಅಳು. ಜೋಡಿಯವರು ಆಪ್ತ ಗೆಳತಿಯರೇ ಆಗಬೇಕು ಅಂತಿಲ್ಲ. ಮಣಿಕಾ ದಿಲ್ಲಿಯವರು, ಅರ್ಚನಾ ಬೆಂಗಳೂರಿನವರು. ಆದರೂ 2021ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಡಬಲ್ಸ್ ಕ್ವಾರ್ಟರ್‌ಫೈನಲ್ ತನಕ ಹೋದರು. ಆದರೆ ಪಾಯಿಂಟ್ ಹೋದಾಗಲೆಲ್ಲ ಗದರಿದರೆ ಚಿಕ್ಕವಳು ಸೇಫ್ ಆಗಿ ಚೆಂಡು ದಾಟಿಸಲು ಶುರು ಮಾಡುತ್ತಾಳೆ. ಸೇಫ್ ಚೆಂಡನ್ನು ಎದುರಾಳಿ ಹೊಡೆಯುತ್ತಾಳೆ, ಆ ಹೊಡೆತ ದೊಡ್ಡವಳ ಮೇಲೇ ಬೀಳುತ್ತದೆ. ಅವಳು ಇನ್ನೂ ಜಾಸ್ತಿ ಗದರುತ್ತಾಳೆ. ಈ ಸುತ್ತನ್ನು ದೊಡ್ಡ ಹುಡುಗಿಗೆ ಬಿಡಿಸಿ ಹೇಳಬೇಕು. ಅವಳೂ ಮಗುವೇ, ಕೆಟ್ಟವಳಲ್ಲ. ನೀವು ಹೇಳಬೇಡಿ, ಕೋಚ್ ಹೇಳಲಿ. ನನ್ನ ಅಕಾಡೆಮಿಯಲ್ಲಿ ಒಂದು ಕಟ್ಟಳೆ ಇದೆ. ಪಾಯಿಂಟ್ ಮುಗಿದ ಮೇಲೆ ಹಿಂದಿನ ಚೆಂಡಿನ ಮಾತಿಲ್ಲ, ಮುಂದಿನ ಚೆಂಡಿನ ಮಾತು ಮಾತ್ರ. "ಗಿಡ್ಡ ಹಾಕ್ತೀನಿ", "ನೀನು ಎಡಕ್ಕೆ ಬಾ", ಇಷ್ಟೇ. ತಪ್ಪಿನ ಚರ್ಚೆ ಪಂದ್ಯ ಮುಗಿದ ಮೇಲೆ, ಕೋಚ್ ಮುಂದೆ. ಎರಡು ತಿಂಗಳು ಇದನ್ನು ಪಾಲಿಸಿಯೂ ಮಗಳು ಅಳುತ್ತಲೇ ಇದ್ದರೆ ಜೋಡಿ ಬದಲಾಯಿಸಿ. ಡಬಲ್ಸನ್ನೇ ಬಿಡಿಸಬೇಡಿ.

ನಿಮಗೂ ಒಂದು ಕೆಲಸ ಕೊಡುತ್ತೇನೆ. ಮುಂದಿನ ಟೂರ್ನಿಗೆ ಹೋಗುವಾಗ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ಗೇಮಿನಲ್ಲಿ ಮಗಳಿಗೆ ಚೆಂಡು ಬಂದದ್ದು ಎದುರು ಜೋಡಿಯ ಯಾರಿಂದ, ಗೇಮ್ ಎಷ್ಟಕ್ಕೆ ಮುಗಿಯಿತು, ಎರಡೇ ಸಾಲು ಬರೆಯಿರಿ. ಸಂಜೆ ಸುಮ್ನೆ ಮಗಳ ಜೊತೆ ಕೂತು ಅದನ್ನು ನೋಡಿ, ಯಾವ ಸುತ್ತು ಸುಲಭವಾಯಿತು ಅಂತ ಅವಳೇ ಹೇಳಲಿ. ಮೂರು ನಾಲ್ಕು ಟೂರ್ನಿ ಆದ ಮೇಲೆ ಆ ಹಾಳೆಗಳನ್ನು ನನಗೂ ಕಳಿಸಿ. ರಬ್ಬರಿನ ಪ್ರಶ್ನೆಯನ್ನು ಆಗ ಇನ್ನೊಮ್ಮೆ ನೋಡೋಣ.